ಸಂತ್ರಸ್ತರ ಪರಿಹಾರ ಯೋಜನೆ: ನಿಯಮ ಗಟ್ಟಿ, ಕೌಂಟರ್ ನಿಧಾನ

ಪೊಲೀಸ್ ಜೀಪು, ಸಿಸಿಟಿವಿ, ಜೈಲು, ಕೋರ್ಟ್ ಕಟ್ಟಡ ಇವಕ್ಕೆಲ್ಲ ಸರ್ಕಾರ ಸುರಿಯುವ ಹಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದೇ ಖಜಾನೆಯಿಂದ ನೊಂದವರ ಬ್ಯಾಂಕ್ ಖಾತೆಗೆ ನೇರವಾಗಿ ಹೋಗಬೇಕಾದ ಪಾಲೂ ಒಂದಿದೆ. ಅದು ಸಂತ್ರಸ್ತರ ಪರಿಹಾರ. ಬಹುತೇಕ ಕುಟುಂಬಗಳಿಗೆ ಇದು ಗೊತ್ತಾಗುವುದು ತಡವಾಗಿ, ಅದೂ ಪಕ್ಕದ ಕೇಸಿನವರು ಹೇಳಿದ ಮೇಲೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಿಗುವ ಈ ಸೇವೆಗೆ ಅಂಕ ಕೊಡಬೇಕೆಂದರೆ ನಿಯಮಕ್ಕೆ ಐದರಲ್ಲಿ ನಾಲ್ಕೂವರೆ, ಜಾರಿಗೆ ಎರಡೂವರೆ. ನಡುವಿನ ಎರಡು ಅಂಕ ಎಲ್ಲಿ ಸೋರಿಹೋಗುತ್ತವೆ ಎಂದು ತಿಳಿದುಕೊಂಡರೆ ಅದರಲ್ಲಿ ಅರ್ಧದಷ್ಟನ್ನಾದರೂ ಅರ್ಜಿದಾರರು ತಾವೇ ತಡೆಯಬಹುದು.

ಮೊದಲು ಇದರ ಬಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿಯಲ್ಲಿ 357ಎ ಕಲಂ ಸೇರಿತು, 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. 2024ರ ಜುಲೈ 1ರಿಂದ ಅದೇ ವ್ಯವಸ್ಥೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಲ್ಲಿದೆ. ಆರೋಪಿಗೆ ಶಿಕ್ಷೆ ಆಗಲೇಬೇಕು ಎಂಬ ಷರತ್ತು ಇಲ್ಲಿಲ್ಲ, ಯೋಜನೆಯ ದೊಡ್ಡ ಗುಣವೇ ಅದು. ಆರೋಪಿ ಖುಲಾಸೆಯಾದರೂ, ನೊಂದವರಿಗೆ ಪುನರ್ವಸತಿ ಬೇಕು ಎಂದು ಕಂಡರೆ ವಿಚಾರಣಾ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಆರೋಪಿ ಯಾರೆಂದೇ ಪತ್ತೆಯಾಗದೆ ವಿಚಾರಣೆ ನಡೆಯದಿದ್ದರೂ ನೊಂದವರು ಅಥವಾ ಅವರ ಅವಲಂಬಿತರು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅಪರಾಧಿಯಿಂದ ವಸೂಲಾಗುವ ದಂಡಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ರಾಜ್ಯ ತನ್ನ ಬೊಕ್ಕಸದಿಂದ ಕೊಡುವ ಹಣ. ಹೀಗಾಗಿ "ಕೇಸು ಮುಗಿಯಲಿ, ಆಮೇಲೆ ನೋಡೋಣ" ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಕಾನೂನಿನ ಆಧಾರವಿಲ್ಲ.

ಕರ್ನಾಟಕದಲ್ಲಿ ಎರಡು ದಾರಿಗಳಿವೆ. ಒಂದು, ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011. ಇನ್ನೊಂದು, ಲೈಂಗಿಕ ದೌರ್ಜನ್ಯ ಹಾಗೂ ಇತರ ಅಪರಾಧಗಳಿಗೆ ತುತ್ತಾದ ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, ಅಂದರೆ ನಾಲ್ಸಾ, ರೂಪಿಸಿದ 2018ರ ಯೋಜನೆ. ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿ, 2018ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಜಾರಿಗೆ ಬರುವಂತೆ ಮಾಡಿತು. ಅರ್ಜಿ ಬರೆಯುವಾಗ ಯಾವ ಯೋಜನೆಯಡಿ ಕೇಳುತ್ತಿದ್ದೀರಿ ಎಂಬುದನ್ನು ಮೊದಲ ಸಾಲಿನಲ್ಲೇ ನಮೂದಿಸಬೇಕು. ಸುಮ್ಮನೆ "ಪರಿಹಾರ ಕೊಡಿಸಿ" ಎಂದು ಬರೆದರೆ, ಮಹಿಳೆಯರಿಗೆ ಅನ್ವಯಿಸಬೇಕಾದ ಪಟ್ಟಿಯ ಬದಲು ಬೇರೆ ಪಟ್ಟಿ ಹಿಡಿದು ಮೊತ್ತ ಹಾಕುವ ಸಾಧ್ಯತೆ ಇರುತ್ತದೆ.

2018ರ ಪಟ್ಟಿಯ ಮೊತ್ತಗಳು ಹೀಗಿವೆ. ಸಾವು ಸಂಭವಿಸಿದ್ದರೆ 5ರಿಂದ 10 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ. ಅತ್ಯಾಚಾರದಿಂದ ಗರ್ಭ ಧರಿಸಿದ್ದರೆ 3ರಿಂದ 4 ಲಕ್ಷ, ಹಲ್ಲೆಯಿಂದ ಗರ್ಭಪಾತವಾಗಿದ್ದರೆ 2ರಿಂದ 3 ಲಕ್ಷ. ಆಸಿಡ್ ದಾಳಿಯಲ್ಲಿ ಮುಖ ವಿರೂಪಗೊಂಡಿದ್ದರೆ 7ರಿಂದ 8 ಲಕ್ಷ. ಅಂಗ ಹೋಗಿ ಶೇ 80ರಷ್ಟು ಶಾಶ್ವತ ಅಂಗವೈಕಲ್ಯ ಉಂಟಾಗಿದ್ದರೆ 2ರಿಂದ 5 ಲಕ್ಷ. ಪುನರ್ವಸತಿ ಬೇಕಾಗುವಂಥ ತೀವ್ರ ದೈಹಿಕ ಅಥವಾ ಮಾನಸಿಕ ಗಾಯಕ್ಕೆ 1ರಿಂದ 2 ಲಕ್ಷ. ನೊಂದವರು ಅಪ್ರಾಪ್ತರಾಗಿದ್ದರೆ ಪಟ್ಟಿಯ ಮೊತ್ತಕ್ಕಿಂತ ಶೇ 50ರಷ್ಟು ಹೆಚ್ಚು ಎಂದು ಲೆಕ್ಕ ಹಾಕಬೇಕು.

ಕಚೇರಿಗಳಲ್ಲಿ ತಪ್ಪಿಹೋಗುವ ಒಂದು ಸಾಲು ಇದೇ ಯೋಜನೆಯಲ್ಲಿದೆ. ಒಬ್ಬ ಮಹಿಳೆ ಪಟ್ಟಿಯ ಒಂದಕ್ಕಿಂತ ಹೆಚ್ಚು ವರ್ಗಗಳಲ್ಲಿ ಬಂದರೆ ಆ ಎಲ್ಲ ವರ್ಗಗಳ ಮೊತ್ತವನ್ನು ಕೂಡಿಸಿ ಪರಿಗಣಿಸಬೇಕು. ಅತ್ಯಾಚಾರ, ಅದರಿಂದ ಗರ್ಭ, ಜೊತೆಗೆ ತೀವ್ರ ಮಾನಸಿಕ ಆಘಾತ ಇದ್ದರೆ ಅವು ಮೂರು ಪ್ರತ್ಯೇಕ ಸಾಲುಗಳು. ಅರ್ಜಿಯಲ್ಲಿ ಮೂರನ್ನೂ ಬೇರೆ ಬೇರೆಯಾಗಿ ಬರೆದು, ಪ್ರತಿಯೊಂದಕ್ಕೂ ಅದರದೇ ವೈದ್ಯಕೀಯ ದಾಖಲೆ ಲಗತ್ತಿಸಬೇಕು. ಒಂದೇ ವಾಕ್ಯದಲ್ಲಿ ಎಲ್ಲವನ್ನೂ ಸೇರಿಸಿ ಬರೆದರೆ ಕೈಗೆ ಬರುವುದು ಒಂದೇ ಸಾಲಿನ ಮೊತ್ತ.

ಮಧ್ಯಂತರ ಪರಿಹಾರ ಈ ಸೇವೆಯ ಹೃದಯಭಾಗ, ಅತಿ ಹೆಚ್ಚು ಕಡೆಗಣಿಸಲ್ಪಡುವ ಭಾಗವೂ ಹೌದು. ಆಸ್ಪತ್ರೆ ಖರ್ಚು, ಊರು ಬಿಟ್ಟು ಬೇರೆಡೆ ಇರಬೇಕಾದ ಬಾಡಿಗೆ, ನಿಂತುಹೋದ ಕೂಲಿ ಇವೆಲ್ಲ ಘಟನೆಯ ಮರುವಾರವೇ ಎದುರಾಗುತ್ತವೆ, ತೀರ್ಪಿನವರೆಗೆ ಕಾಯುವುದಿಲ್ಲ. ಅದಕ್ಕೇ ಯೋಜನೆಯಲ್ಲಿ ಮಧ್ಯಂತರ ಮೊತ್ತಕ್ಕೆ ಒಂದು ಕೆಳಮಿತಿ ಹಾಕಲಾಗಿದೆ. ಆ ವರ್ಗದ ಗರಿಷ್ಠ ಪರಿಹಾರದ ಶೇ 25ಕ್ಕಿಂತ ಕಡಿಮೆ ಕೊಡುವಂತಿಲ್ಲ, ಕೊಟ್ಟದ್ದನ್ನು ಠೇವಣಿಯಲ್ಲಿ ಹಿಡಿದಿಡದೆ ಪೂರ್ತಿಯಾಗಿ ಕೈಗೆ ಕೊಡಬೇಕು. ಅತ್ಯಾಚಾರ ಪ್ರಕರಣದಲ್ಲಿ ಗರಿಷ್ಠ ಮೊತ್ತ 7 ಲಕ್ಷ, ಹಾಗಾಗಿ ಮಧ್ಯಂತರವಾಗಿ ಕನಿಷ್ಠ 1.75 ಲಕ್ಷ ರೂಪಾಯಿ ಸಿಗಬೇಕು. 25 ಸಾವಿರ ಅಥವಾ 50 ಸಾವಿರದ ಆದೇಶ ಬಂದರೆ ಈ ಲೆಕ್ಕವನ್ನು ಮುಂದಿಟ್ಟು ಪ್ರಶ್ನಿಸುವ ಹಕ್ಕು ನಿಮಗಿದೆ.

ಆಸಿಡ್ ದಾಳಿಗೆ ಗಡುವು ಇನ್ನೂ ಬಿಗಿ. ವಿಷಯ ಪ್ರಾಧಿಕಾರದ ಗಮನಕ್ಕೆ ಬಂದ 7 ದಿನದೊಳಗೆ ಆದೇಶ, ಆದೇಶವಾದ 8 ದಿನದೊಳಗೆ 1 ಲಕ್ಷ ರೂಪಾಯಿ ಪಾವತಿ, ನಂತರದ ಎರಡು ತಿಂಗಳೊಳಗೆ ಇನ್ನೂ 2 ಲಕ್ಷ. ಲಕ್ಷ್ಮಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕ್ರಮವೇ ಇದಕ್ಕೆ ಆಧಾರ. ಆದರೆ ದಿನಗಣನೆ ಶುರುವಾಗುವುದು ಗಮನಕ್ಕೆ ಬಂದ ದಿನದಿಂದ, ಘಟನೆಯ ದಿನದಿಂದಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಗಮನಕ್ಕೆ ತಂದ ದಿನ ಯಾವುದೆಂಬುದಕ್ಕೆ ಪುರಾವೆ ಉಳಿಯುವುದಿಲ್ಲ. ಒಂದು ಪುಟದ ಮನವಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬನ್ನಿ. ಗಡುವಿನ ಇಡೀ ಲೆಕ್ಕ ನಿಲ್ಲುವುದು ಆ ಮೊಹರಿನ ಮೇಲೆ.

ಅರ್ಜಿ ಎಲ್ಲಿ ಕೊಡಬೇಕು ಎಂಬುದು ಸುಲಭ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುತ್ತದೆ, ಅದರ ಸದಸ್ಯ ಕಾರ್ಯದರ್ಶಿ ಒಬ್ಬ ನ್ಯಾಯಾಧೀಶರು. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಅರ್ಜಿಗೆ ಶುಲ್ಕವಿಲ್ಲ. ವಕೀಲರೇ ಬರೆದುಕೊಡಬೇಕು ಎಂದೂ ಇಲ್ಲ. ನೊಂದವರು, ಅವಲಂಬಿತರು ಅಥವಾ ಠಾಣಾಧಿಕಾರಿ ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಲೂಬಹುದು. ನಮೂನೆ ತುಂಬಲು ತೊಡಕಾದರೆ ಅದೇ ಕಚೇರಿಯ ಪ್ಯಾರಾ ಲೀಗಲ್ ಸ್ವಯಂಸೇವಕರು ಕೂತು ತುಂಬಿಕೊಡಬೇಕು, ಅದು ಅವರ ಕೆಲಸವೇ. 15100 ಸಹಾಯವಾಣಿಗೆ ಕರೆ ಮಾಡಿದರೂ ಯಾವ ಕಚೇರಿಗೆ ಹೋಗಬೇಕೆಂದು ತಿಳಿಸುತ್ತಾರೆ.

ಕಾಗದಪತ್ರಗಳಲ್ಲೇ ತೊಡಕು ಜಾಸ್ತಿ. ಎಫ್‌ಐಆರ್ ಪ್ರತಿಯಿಂದ ಶುರು ಮಾಡೋಣ. ದೂರುದಾರರಿಗೆ ಅಥವಾ ನೊಂದವರಿಗೆ ಅದನ್ನು ಉಚಿತವಾಗಿ ಕೊಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ, ಜೆರಾಕ್ಸ್ ಖರ್ಚು ಕೂಡ ಕೇಳುವಂತಿಲ್ಲ. ಅದರಲ್ಲಿರುವ ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು ಆಧಾರ್ ಕಾರ್ಡಿನೊಂದಿಗೆ ಹೊಂದುತ್ತವೆಯೇ ಎಂದು ಕೂಡಲೇ ನೋಡಿ. ಒಂದರಲ್ಲಿ ಲಕ್ಷ್ಮವ್ವ, ಇನ್ನೊಂದರಲ್ಲಿ ಲಕ್ಷ್ಮಮ್ಮ ಎಂದಿದ್ದರೆ ಮೊತ್ತ ಮಂಜೂರಾದ ಮೇಲೆ ಬ್ಯಾಂಕಿನಲ್ಲಿ ಹಣ ನಿಂತುಬಿಡುತ್ತದೆ. ವ್ಯತ್ಯಾಸ ಇದ್ದರೆ ಎರಡೂ ಒಬ್ಬರದೇ ಹೆಸರು ಎಂಬ ಅಫಿಡವಿಟ್ಟನ್ನು ಅರ್ಜಿಯ ಜೊತೆಗೇ ಸೇರಿಸುವುದು ಜಾಣತನ.

ಗಾಯದ ಪ್ರಮಾಣಪತ್ರ, ಆಸ್ಪತ್ರೆಯವರ ಮಾತಿನಲ್ಲಿ ವೂಂಡ್ ಸರ್ಟಿಫಿಕೇಟ್, ಮೊತ್ತವನ್ನು ನಿರ್ಧರಿಸುವ ಕಾಗದ. ಅದರಲ್ಲಿ ಗಾಯ "ಸಾಧಾರಣ" ಎಂದಿದೆಯೋ "ತೀವ್ರ" ಎಂದಿದೆಯೋ ಎಂಬ ಒಂದೇ ಪದದಿಂದ ವರ್ಗ ಬದಲಾಗುತ್ತದೆ. ಮೊದಲ ದಿನ ಬರೆದ ಪ್ರಮಾಣಪತ್ರದಲ್ಲಿ ಎಕ್ಸ್-ರೇ ವರದಿ ಬರುವ ಮೊದಲೇ "ಸಾಧಾರಣ" ಎಂದು ನಮೂದಾಗಿ, ಆಮೇಲೆ ಮೂಳೆ ಮುರಿದದ್ದು ಗೊತ್ತಾದರೆ ವೈದ್ಯರಿಂದ ಅಂತಿಮ ಅಭಿಪ್ರಾಯ ಬರೆಸಿಕೊಳ್ಳಬೇಕು. ಅಂಗವೈಕಲ್ಯದ ಶೇಕಡಾವಾರು ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲಷ್ಟೇ ತಿಳಿಯುವುದು, ಅದಕ್ಕಾಗಿ ಅರ್ಜಿಯನ್ನು ತಡೆಹಿಡಿಯಬಾರದು. ಕೈಲಿರುವ ದಾಖಲೆ ಕೊಟ್ಟು ಮಧ್ಯಂತರ ಪರಿಹಾರ ಕೇಳಿ, ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬಂದಾಗ ಅಂತಿಮ ಮೊತ್ತಕ್ಕೆ ಸೇರಿಸಿ. ಮಾನಸಿಕ ಆಘಾತವೂ ಪಟ್ಟಿಯಲ್ಲಿದೆ, ಆದರೆ ಮನೋವೈದ್ಯರ ಒಂದು ಹಾಳೆಯೂ ಇಲ್ಲದೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ದಿನಾಂಕದೊಂದಿಗೆ ದಾಖಲಾದರೂ ನಡೆಯುತ್ತದೆ.

ಚಿಕಿತ್ಸೆಯ ವಿಷಯ ಬಂದಾಗ ಒಂದು ಮಾತು ಸೇರಿಸಲೇಬೇಕು. ಆಸಿಡ್ ದಾಳಿ ಮತ್ತು ಅತ್ಯಾಚಾರದ ಸಂತ್ರಸ್ತರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತವಾಗಿ ಚಿಕಿತ್ಸೆ ಕೊಡಬೇಕು, ಇದು ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ. ಕೊಡದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಅಡಿ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ ಇದೆ. "ಮೊದಲು ಪೊಲೀಸರು ಬರಲಿ" ಎಂದು ಬಾಗಿಲಲ್ಲಿ ನಿಲ್ಲಿಸುವುದು ಕಾನೂನುಬಾಹಿರ. ಈ ಎರಡು ಕಲಂಗಳನ್ನು ಪ್ರತಿ ಆಸ್ಪತ್ರೆಯ ತುರ್ತು ವಿಭಾಗದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕು ಎಂಬುದು ನಮ್ಮ ಆಗ್ರಹ.

ಬ್ಯಾಂಕಿನ ಹಂತಕ್ಕೆ ಬಂದರೆ, ಬಹಳ ಮಂದಿ ಎಡವುವ ಕಲ್ಲು ಒಂದಿದೆ. ಪೂರ್ಣ ಕೆವೈಸಿ ಇಲ್ಲದೆ ತೆರೆದ ಸಣ್ಣ ಖಾತೆಗಳಲ್ಲಿ ಒಮ್ಮೆಗೆ 50 ಸಾವಿರಕ್ಕಿಂತ ಹೆಚ್ಚು ಹಣ ಇರುವಂತಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ, ತಿಂಗಳಿಗೆ 10 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಇಂಥ ಖಾತೆಗೆ 1.75 ಲಕ್ಷ ಕಳಿಸಿದರೆ ಮಿತಿಗೆ ಸಿಕ್ಕಿಕೊಂಡು ಪಾವತಿ ವಿಫಲವಾಗಬಹುದು. ಹಾಗಾದರೆ ಕಡತ ಮತ್ತೆ ಮೊದಲಿನಿಂದ ಓಡಾಡಬೇಕು. ಅರ್ಜಿ ಕೊಡುವ ಮೊದಲೇ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಮೂರು ವಿಷಯ ಕೇಳಿ: ಖಾತೆಯ ಕೆವೈಸಿ ಪೂರ್ಣವಾಗಿದೆಯೇ, ಖಾತೆ ಚಾಲ್ತಿಯಲ್ಲಿದೆಯೇ, ಬ್ಯಾಂಕ್ ವಿಲೀನವಾಗಿದ್ದರೆ ಐಎಫ್‌ಎಸ್‌ಸಿ ಸಂಖ್ಯೆ ಹೊಸದೇ. ಪಾಸ್‌ಬುಕ್ಕಿನ ಮೇಲಿರುವ ಹಳೆಯ ಸಂಖ್ಯೆಯನ್ನೇ ನಮೂನೆಗೆ ಇಳಿಸುವುದು ತೀರಾ ಸಾಮಾನ್ಯ ತಪ್ಪು. ಖಾತೆಯೇ ಇಲ್ಲದಿದ್ದರೆ ತೆರೆಸಿಕೊಡುವ ಜವಾಬ್ದಾರಿ ಪ್ರಾಧಿಕಾರದ್ದು.

ಅಂತಿಮ ಮೊತ್ತ ಪೂರ್ತಿ ಒಮ್ಮೆಗೇ ಕೈಗೆ ಬರುವುದಿಲ್ಲ. ಶೇ 75 ಭಾಗ ಕನಿಷ್ಠ ಮೂರು ವರ್ಷ ನಿಶ್ಚಿತ ಠೇವಣಿಯಲ್ಲಿ, ಶೇ 25 ಭಾಗ ಬಳಕೆಗೆ. 6 ಲಕ್ಷ ಮಂಜೂರಾದರೆ 4.5 ಲಕ್ಷ ಠೇವಣಿ, 1.5 ಲಕ್ಷ ಉಳಿತಾಯ ಖಾತೆಗೆ. ಅಪ್ರಾಪ್ತರಿಗೆ ಶೇ 80 ಠೇವಣಿಯಲ್ಲಿ, ಅದು ಸಿಗುವುದು 18 ತುಂಬಿದ ಮೇಲೆ ಮತ್ತು ಠೇವಣಿ ಇಟ್ಟು ಮೂರು ವರ್ಷ ಕಳೆದ ಮೇಲೆ. 16ನೇ ವಯಸ್ಸಿನಲ್ಲಿ ಠೇವಣಿ ಇಟ್ಟರೆ ಹಣ ಸಿಗುವುದು 19ಕ್ಕೆ. ಕೈಗೆ ಬಂದ ದುಡ್ಡನ್ನು ಸಂಬಂಧಿಕರೋ ಸಾಲಗಾರರೋ ಕಿತ್ತುಕೊಳ್ಳದಂತೆ ಇಟ್ಟ ಬೇಲಿ ಇದು, ಒಳ್ಳೆಯ ಬೇಲಿಯೇ. ಠೇವಣಿಯ ಬಡ್ಡಿ ಪ್ರತಿ ತಿಂಗಳು ಉಳಿತಾಯ ಖಾತೆಗೆ ಬರಬೇಕು ಎಂದು ಯೋಜನೆಯಲ್ಲೇ ಇದೆ. ಶಾಖೆಯವರು ರೂಢಿಯಂತೆ ಬಡ್ಡಿಯನ್ನು ಅಸಲಿಗೆ ಸೇರಿಸುವ ಠೇವಣಿ ತೆರೆದುಬಿಟ್ಟರೆ ತಿಂಗಳ ಹಣ ಬರುವುದಿಲ್ಲ, ಆದ್ದರಿಂದ ಠೇವಣಿ ರಸೀದಿಯಲ್ಲಿ ತಿಂಗಳ ಬಡ್ಡಿ ಎಂದು ಇದೆಯೇ ನೋಡಿಕೊಳ್ಳಿ. ಓದು, ಚಿಕಿತ್ಸೆ ಅಥವಾ ಬೇರೆ ತುರ್ತು ಅಗತ್ಯಕ್ಕೆ ಅವಧಿಗೆ ಮೊದಲೇ ತೆಗೆಯಬೇಕಾದರೆ ಶುಲ್ಕದ ಚೀಟಿ ಅಥವಾ ಆಸ್ಪತ್ರೆಯ ಅಂದಾಜು ಪಟ್ಟಿಯೊಂದಿಗೆ ಪ್ರಾಧಿಕಾರಕ್ಕೆ ಮನವಿ ಕೊಡಬಹುದು.

ಇನ್ನು ಸೋರಿಕೆಯ ಜಾಗಗಳು. ಆಸಿಡ್ ದಾಳಿ, ಅತ್ಯಾಚಾರ, ವರದಕ್ಷಿಣೆ ಸಾವು ಮುಂತಾದ ಪ್ರಕರಣಗಳಲ್ಲಿ ಠಾಣಾಧಿಕಾರಿ ಎಫ್‌ಐಆರ್ ಪ್ರತಿಯನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಡ್ಡಾಯವಾಗಿ ಕಳಿಸಬೇಕು ಎಂಬ ನಿಯಮವಿದೆ. ಇದು ಸರಿಯಾಗಿ ನಡೆದರೆ ಅರ್ಜಿದಾರರು ಹುಡುಕಿಕೊಂಡು ಹೋಗುವ ಪ್ರಮೇಯವೇ ಇಲ್ಲ, ಪ್ರಾಧಿಕಾರವೇ ಅವರನ್ನು ಹುಡುಕಿಕೊಂಡು ಬರಬೇಕು. ಇಡೀ ವ್ಯವಸ್ಥೆಯಲ್ಲಿ ಅತಿ ದುರ್ಬಲ ಕೊಂಡಿ ಇದೇ. ಠಾಣೆಯಲ್ಲಿ ಬರಹಗಾರರ ಮೇಜಿನ ಮೇಲೆ ಹತ್ತು ಕಡೆಗೆ ಹೋಗಬೇಕಾದ ಪ್ರತಿಗಳಿರುತ್ತವೆ, ಕಳಿಸದಿದ್ದರೆ ಯಾರೂ ಕೇಳದ ಪ್ರತಿ ಹಿಂದೆ ಬೀಳುತ್ತದೆ. ದೂರು ದಾಖಲಾದ ದಿನವೇ "ಪ್ರಾಧಿಕಾರಕ್ಕೆ ಪ್ರತಿ ಕಳಿಸಿದ್ದೀರಾ, ಯಾವ ದಿನಾಂಕ" ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕಳಿಸಿಲ್ಲವಾದರೆ ನೀವೇ ಒಂದು ಪ್ರತಿ ತಲುಪಿಸಿ.

ಎರಡನೆಯದು ಹಣದ ತಲೆನೋವು. ಪರಿಹಾರ ನಿಧಿಗೆ ಮುಖ್ಯ ಮೂಲ ರಾಜ್ಯ ಬಜೆಟ್. ಜೊತೆಗೆ ನ್ಯಾಯಾಲಯಗಳು ವಿಧಿಸುವ ವೆಚ್ಚ, ದೇಣಿಗೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವೂ ಸೇರಬಹುದು. ಕೇಂದ್ರ ಸರ್ಕಾರ ನಿರ್ಭಯಾ ನಿಧಿಯಿಂದ 200 ಕೋಟಿ ರೂಪಾಯಿಯ ಕೇಂದ್ರ ಸಂತ್ರಸ್ತರ ಪರಿಹಾರ ನಿಧಿ ಮಾಡಿ ರಾಜ್ಯಗಳಿಗೆ ಹಂಚಿತು, ಆದರೆ ಅದು ಒಂದು ಬಾರಿಯ ನೆರವು, ವರ್ಷ ವರ್ಷ ಬರುವಂಥದ್ದಲ್ಲ. ಹೀಗಾಗಿ ಆದೇಶಗಳ ಮೊತ್ತ ಬಿಡುಗಡೆಯಾದ ಅನುದಾನವನ್ನು ಮೀರಿದರೆ ಮಂಜೂರಾತಿ ಪತ್ರ ಕೈಯಲ್ಲಿದ್ದರೂ ಖಾತೆ ಖಾಲಿ. ಪಾವತಿ ತಡವಾದರೆ ಜಿಲ್ಲಾ ಕಚೇರಿಯ ಬಾಗಿಲು ತಟ್ಟಿ ಪ್ರಯೋಜನ ಕಡಿಮೆ. ಹಣ ಬಿಡುಗಡೆ ಮಾಡುವುದು ರಾಜ್ಯ ಪ್ರಾಧಿಕಾರ, ಆದೇಶದ ಸಂಖ್ಯೆ ನಮೂದಿಸಿ ಅಲ್ಲಿಗೇ ಬರೆಯಿರಿ. ಮಾಹಿತಿ ಹಕ್ಕು ಅರ್ಜಿಯಲ್ಲಿ ನಿಮ್ಮ ಕಡತ ಯಾವ ಹಂತದಲ್ಲಿದೆ, ಆ ಸಾಲಿನ ಅನುದಾನ ಎಷ್ಟು ಬಂದಿದೆ ಎಂದು ಕೇಳಿದರೆ ಅಸಲಿ ಕಾರಣ ಹೊರಬರುತ್ತದೆ. ಜೈಲು, ಠಾಣೆ ಕಟ್ಟಲು ಅನುದಾನ ಮೀಸಲಿಡುವಷ್ಟೇ ಖಚಿತವಾಗಿ ಈ ಬಾಬ್ತಿಗೂ ಹಿಂದಿನ ವರ್ಷದ ಬಾಕಿ ಆದೇಶಗಳ ಆಧಾರದ ಮೇಲೆ ಹಣ ಇಡಬೇಕು. ಇಲ್ಲಿ ಬಾಕಿ ಎಂದರೆ ನಿಂತುಹೋದ ಚಿಕಿತ್ಸೆ, ಬಿಟ್ಟುಹೋದ ಶಾಲೆ.

ಮೂರನೆಯದು ಕಲಂಗಳ ಗೊಂದಲ. 2018ರ ಯೋಜನೆಯ ಪಠ್ಯದಲ್ಲಿರುವುದು ಹಳೆಯ ದಂಡ ಸಂಹಿತೆಯ 376, 326ಎ ಮುಂತಾದವು. 2024ರ ಜುಲೈ ನಂತರದ ಎಫ್‌ಐಆರ್‌ಗಳಲ್ಲಿ ಅತ್ಯಾಚಾರ ನ್ಯಾಯ ಸಂಹಿತೆಯ 64ನೇ ಕಲಂ, ಆಸಿಡ್ ದಾಳಿ 124(1). ಅರ್ಜಿಯಲ್ಲಿ ಹೊಸ ಕಲಂ ಬರೆದು ಪಕ್ಕದಲ್ಲೇ ಹಳೆಯದನ್ನೂ ಬರೆದರೆ ಗುಮಾಸ್ತರ ಹಂತದಲ್ಲಿ ಆಕ್ಷೇಪಣೆ ಏಳುವುದಿಲ್ಲ.

ಬೇರೆ ದಾರಿಗಳನ್ನೂ ಮರೆಯಬಾರದು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ಪ್ರಕರಣಗಳಲ್ಲಿ 2016ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 85 ಸಾವಿರದಿಂದ 8.25 ಲಕ್ಷದವರೆಗೆ ಪರಿಹಾರ ಇದೆ. ಅದು ಜಿಲ್ಲಾಡಳಿತದ ಮೂಲಕ ಹಂತ ಹಂತವಾಗಿ ಬರುತ್ತದೆ. ಬಹಳಷ್ಟು ಅಪರಾಧಗಳಲ್ಲಿ ಎಫ್‌ಐಆರ್ ಹಂತದಲ್ಲಿ ಶೇ 25, ಚಾರ್ಜ್‌ಶೀಟ್ ಆದಾಗ ಶೇ 50, ಶಿಕ್ಷೆಯಾದಾಗ ಉಳಿದದ್ದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಕಾಯ್ದೆಯ ಪ್ರಕರಣಗಳಲ್ಲಿ ವಿಶೇಷ ನ್ಯಾಯಾಲಯ ಎಫ್‌ಐಆರ್ ಆದ ನಂತರ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರ ಆದೇಶಿಸಬಹುದು, ಆದೇಶ ತಲುಪಿದ 30 ದಿನದೊಳಗೆ ರಾಜ್ಯ ಪಾವತಿಸಬೇಕು. ಊಟ, ಬಟ್ಟೆ, ಪ್ರಯಾಣದಂಥ ತಕ್ಷಣದ ಅಗತ್ಯಕ್ಕೆ ಮಕ್ಕಳ ಕಲ್ಯಾಣ ಸಮಿತಿಯ ಶಿಫಾರಸಿನ ಮೇಲೆ ವಾರದೊಳಗೆ ಹಣ ಕೊಡಬೇಕೆಂಬ ನಿಯಮವೂ ಇದೆ. ಬೇರೆ ಕಡೆಯಿಂದ ಹಣ ಬಂದಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ, ಮುಂದೆ ಅದೇ ತಕರಾರಾಗುತ್ತದೆ. ರಸ್ತೆ ಅಪಘಾತದ ಪರಿಹಾರ ಮಾತ್ರ ಇಲ್ಲಿ ಬರುವುದಿಲ್ಲ, ಅದಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿ ಇದೆ.

ವಿಚಾರಣೆ ಮುಗಿಯುವ ಹಂತದಲ್ಲಿರುವವರು ಗಮನಿಸಬೇಕಾದದ್ದು: 2024ರ ನವೆಂಬರ್‌ನಲ್ಲಿ ಸೈಬಾಜ್ ಶೇಖ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠವು, ದೈಹಿಕ ಗಾಯದ ಪ್ರಕರಣಗಳಲ್ಲಿ, ವಿಶೇಷವಾಗಿ ಮಕ್ಕಳು ಮತ್ತು ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ, ಸೆಷನ್ಸ್ ನ್ಯಾಯಾಲಯಗಳು ತೀರ್ಪಿನ ಜೊತೆಗೇ ಪರಿಹಾರದ ಬಗ್ಗೆ ಆದೇಶ ಮಾಡಬೇಕೆಂದು ಹೇಳಿತು. ಆದರೂ ತೀರ್ಪಿನಲ್ಲಿ ಅದು ಬಿಟ್ಟುಹೋಗುವುದುಂಟು. ವಾದದ ಕೊನೆಗೆ ಸರ್ಕಾರಿ ಅಭಿಯೋಜಕರು ಬಾಯಿಬಿಟ್ಟು ಕೇಳಬೇಕು. ಅವರಿಗೆ ಒಂದು ಪುಟದ ಟಿಪ್ಪಣಿಯಲ್ಲಿ ಖರ್ಚು, ತಪ್ಪಿದ ದುಡಿಮೆ, ನಿಂತ ಓದು, ಕೋರ್ಟಿಗೆ ಓಡಾಡಿದ ಪ್ರಯಾಣ ಇಷ್ಟನ್ನು ಬರೆದುಕೊಟ್ಟರೆ ಕೆಲಸ ಹಗುರ. ಮೊತ್ತ ನಿರ್ಧರಿಸುವಾಗ ಯೋಜನೆ ನೋಡಬೇಕೆನ್ನುವ ಅಂಶಗಳಲ್ಲಿ ಇವೂ ಇವೆ.

2018ರ ಯೋಜನೆಯಡಿ ಅರ್ಜಿಗೆ ಕಾಲಮಿತಿ ಘಟನೆಯಿಂದ ಅಥವಾ ವಿಚಾರಣೆ ಮುಗಿದಲ್ಲಿಂದ ಮೂರು ವರ್ಷ. ತಕ್ಕ ಕಾರಣವಿದ್ದರೆ ವಿಳಂಬ ಮನ್ನಿಸುವ ಅವಕಾಶ ಇದೆ. ಪ್ರಾಧಿಕಾರ ತನ್ನ ವಿಚಾರಣೆಯನ್ನು ಎರಡು ತಿಂಗಳಲ್ಲಿ ಮುಗಿಸಬೇಕು. ಜಿಲ್ಲಾ ಪ್ರಾಧಿಕಾರ ಅರ್ಜಿ ತಿರಸ್ಕರಿಸಿದರೆ ಅಥವಾ ಮೊತ್ತ ಕಡಿಮೆ ಎನಿಸಿದರೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಮೇಲ್ಮನವಿಗೆ ಬೇಕಾದ ವಕೀಲರನ್ನೂ ಅದೇ ಪ್ರಾಧಿಕಾರದಿಂದ ಉಚಿತವಾಗಿ ಪಡೆಯಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆ ನೆರವಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ, ಆದ್ದರಿಂದ ಅವರಿಂದ ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ.